ಹೊಳೆ ತಿರುಗದ ಸಂಜೆ

ನಮ್ಮೂರಿನ ಹೊಳೆ ಬೆಳಿಗ್ಗೆ ಮೇಲ್ಪೇಟೆಯಿಂದ ಕೆಳಪೇಟೆಗೆ ಹರಿಯುತ್ತದೆ, ಇಳಿಹೊತ್ತಿಗೆ ಕೆಳಪೇಟೆಯಿಂದ ಮೇಲ್ಪೇಟೆಗೆ ವಾಪಸ್ಸು ಬರುತ್ತದೆ. ಯಾಕೆ ಅಂತ ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ಉತ್ತರ ಹೇಳುವುದೇ ನನ್ನ ಕೆಲಸ, ಆದರೂ ಆ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಮಿಕ್ಕಿದ್ದು ಏನು ಬೇಕಾದರೂ ಕೇಳಿ, ಬಾಯಿ ನೋಯುವ ತನಕ ಹೇಳುತ್ತೇನೆ. ಬಸವನಹುಳು ಎಂಥ ಕಲ್ಲಿಗೆ ಅಂಟುತ್ತದೆ, ಸೊಳ್ಳೆಮರಿಯನ್ನು ಯಾವ ಮೀನು ತಿನ್ನುತ್ತದೆ, ಕಪ್ಪೆ ವಟಗುಟ್ಟದೆ ಇದ್ದರೆ ಯಾವಾಗ ಗಾಬರಿಯಾಗಬೇಕು, ಎಲ್ಲ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು, ವರ್ಗವಾಗಿ ಬಂದ ಮೇಷ್ಟ್ರು, ಪೊಲೀಸಿನವರು, ಯಾರೇ ಆಗಲಿ, ಮೊದಲು ಕಟ್ಟೆಯ ಮೇಲೆ ನನ್ನ ಮುಂದೆ ಕೂತು ಹೊಳೆಪಾಠ ಹೇಳಿಸಿಕೊಳ್ಳಬೇಕೆಂದು ಪುರಸಭೆಯವರು ಕಟ್ಟಳೆ ಮಾಡಿದ್ದಾರೆ. ನನ್ನ ಹೆಸರು ಹೊಂಬಾಳಮ್ಮ. ಎದುರಿಗೆ ಸಿಕ್ಕಾಗ 'ಹೊಂಬಾಳಮ್ನೋರೇ' ಅನ್ನುತ್ತಾರೆ, ಬೆನ್ನು ತಿರುಗಿಸಿದರೆ 'ಬಾಯಿಬಡುಕಿ' ಅನ್ನುತ್ತಾರೆ. ಎರಡೂ ನಿಜವೇ.

ಎರಡೂ ಕಡೆಗೆ ಹರಿಯುವ ಹೊಳೆಯ ದಂಡೆಯಲ್ಲಿ ಬದುಕುವುದಕ್ಕೆ ಒಂದು ಶಿಸ್ತು ಬೇಕು. ಹಾಲಿನವರು ಬೆಳಿಗ್ಗೆ ಕ್ಯಾನುಗಳನ್ನು ತೇಲಿಬಿಟ್ಟು ಸಂಜೆ ಖಾಲಿ ಕ್ಯಾನುಗಳನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ಯಜಮಾನರು ಟೈಲರ್. ಕೆಳಪೇಟೆಯವರ ಬಟ್ಟೆಗಳನ್ನು ಹಲಗೆಯ ಮೇಲಿಟ್ಟು ಕಳಿಸುತ್ತಾರೆ, ಬಿಗಿಯಾಯಿತು ಅಂದರೆ ಅವು ಸಂಜೆ ಅದೇ ಹಲಗೆಯ ಮೇಲೆ ಮನೆಗೆ ಬರುತ್ತವೆ. ಆದರೆ ಬಟ್ಟೆ ವಾಪಸ್ಸು ಬಂದಹಾಗೆ ಕಸವೂ ಬರುತ್ತದಲ್ಲ! ಬೆಳಿಗ್ಗೆ ಮುಸುರೆ ಚೆಲ್ಲಿದರೆ ಅದು ಕೆಳಪೇಟೆಯನ್ನೆಲ್ಲ ಸುತ್ತಾಡಿಕೊಂಡು ಸಂಜೆ ನಿಮ್ಮದೇ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ, ಅದೂ ನಾಲ್ಕು ಜನ ಎದುರಿಗಿರುವಾಗ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹಾಗಾಗಿ ನಮ್ಮೂರಿನಲ್ಲಿ ಹೊಳೆಗೆ ಒಂದು ಬೀಡಿ ತುಂಡನ್ನು ಹಾಕುವವರೂ ಇರಲಿಲ್ಲ.

ಮದುವೆ ಮಾತುಕತೆಯೂ ಹೊಳೆಯಲ್ಲೇ. ಹೆಣ್ಣಿನ ಕಡೆಯವರು ಬೆಳಿಗ್ಗೆ ತಪ್ಪಲೆಯಲ್ಲಿ ಎಲೆ, ಅಡಿಕೆ, ಅರಿಸಿನ, ಕುಂಕುಮ ಇಟ್ಟು ತೇಲಿಬಿಡಬೇಕು. ಗಂಡಿನ ಕಡೆಯವರಿಗೆ ಒಪ್ಪಿಗೆಯಾದರೆ ಅದಕ್ಕೆ ತಮ್ಮ ಎಲೆ ಅಡಿಕೆ ಸೇರಿಸಿ, ಇಳಿಹೊತ್ತಿನ ನೀರಿಗೆ ಬಿಡಬೇಕು. ತಪ್ಪಲೆ ಬರಲಿಲ್ಲವೋ, ಒಪ್ಪಲಿಲ್ಲ ಅಂತ ಲೆಕ್ಕ. ಯಾಕೆ ಏನು ಅಂತ ಯಾರೂ ಕೇಳುವ ಹಾಗಿಲ್ಲ. ಉತ್ತರ ಬರುವ ತನಕ ಎರಡು ಮನೆಯವರು ಒಬ್ಬರಿಗೊಬ್ಬರು ತುಟಿ ಬಿಚ್ಚುವ ಹಾಗೂ ಇಲ್ಲ. ಮುಖ ಉಳಿಸುವ ಪದ್ಧತಿ, ಒಳ್ಳೆಯದೇ. ನನ್ನ ಮಗಳ ಸರದಿ ಬರುವ ತನಕ ನಾನೂ ಅದನ್ನು ಹೊಗಳಿದ್ದೇ ಹೊಗಳಿದ್ದು.

ನನ್ನ ಮಗಳು ವಿಮಲಾಕ್ಷಿ. ನಾನು ಪಾಠ ಹೇಳುವಾಗ ಜರಡಿ ಹಿಡಿದು ಹೊಳೆಯ ಹುಳುಹುಪ್ಪಟೆಗಳನ್ನು ಸೋಸಿ ತಟ್ಟೆಯಲ್ಲಿ ತೋರಿಸುವವಳು ಅವಳೇ. ಕೆಳಪೇಟೆಯ ಸೈಕಲ್ ಶಾಪಿನ ತಿರುಮಲೇಶ ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ, ಹೊಳೆಪಾಠ ಅವನಿಗೆ ಬೇಕಾಗಿಯೇ ಇರಲಿಲ್ಲ. ಆದರೂ ವಾರಕ್ಕೊಮ್ಮೆ ಬಂದು ಹೊಸ ಸೊಸೆಯಂದಿರ ಹಿಂದೆ ಕೂರುತ್ತಿದ್ದ. "ಹೊಂಬಾಳಮ್ನೋರೇ, ಹೊಳೆ ತಿರುಗೋ ಹೊತ್ನಲ್ಲಿ ಆಮೆ ಯಾವ ಕಡೆ ಮುಖ ಮಾಡ್ತದೆ?" ಎಂದು ನನ್ನನ್ನು ಕೇಳುತ್ತಿದ್ದ, ಕಣ್ಣು ಮಾತ್ರ ತಟ್ಟೆ ಹಿಡಿದವಳ ಮೇಲೆ. ನಾನೇನು ಕುರುಡಿಯೇ? ಅವಳನ್ನು ಕೇಳಿದೆ. "ಅವ್ನು ಕೇಳೋ ಪ್ರಶ್ನೆ ಚೆನ್ನಾಗಿರ್ತವೆ ಕಣಮ್ಮ" ಅಂದಳು. ನಮ್ಮ ವಿಮಲಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಬರುವುದಿಲ್ಲ. ಒಳ್ಳೆಯ ದಿನ ನೋಡಿ ತಪ್ಪಲೆ ತೇಲಿಬಿಟ್ಟೆವು.

ಆ ಸಂಜೆ ಮೇಲ್ಪೇಟೆಯ ಅರ್ಧ ಜನ ನಮ್ಮ ಮೆಟ್ಟಿಲ ಮೇಲಿದ್ದರು. ಕಟ್ಟೆಯ ಯಜಮಾನ ಮರಿದೇವಪ್ಪನವರು ಪೇಟ ಸುತ್ತಿಕೊಂಡು ಬಂದು ಮುಂದೆ ಕೂತಿದ್ದರು. ಊರಿನ ಸಂಬಂಧಗಳು ಕೂಡಿದ್ದೂ ಮುರಿದದ್ದೂ ಅವರ ಬಾಯಿಂದಲೇ ಹೊರಡಬೇಕು. ಹೊಳೆ ತಿರುಗುವ ಮುಂಚೆ ನೀರಿನ ಮೇಲಿನ ತರಗೆಲೆ ಒಂದು ಗಳಿಗೆ ಅನುಮಾನಿಸುತ್ತದೆ, ಆಮೇಲೆ ನಿಧಾನಕ್ಕೆ ಮುಖ ತಿರುಗಿಸುತ್ತದೆ. ಆ ದಿನ ಎಲೆ ಅನುಮಾನಿಸಿತು. ಅನುಮಾನಿಸಿಕೊಂಡೇ ಇತ್ತು. ಕಾದೆವು. ದೀಪ ಹಚ್ಚುವ ಹೊತ್ತಾಯಿತು. ನೀರು ಕೆಳಕ್ಕೂ ಹೋಗದೆ ಮೇಲಕ್ಕೂ ಬಾರದೆ ನಿಂತೇ ಇತ್ತು.

ಪಕ್ಕದ ಮನೆಯ ಪುಟ್ಟಮಾದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಯ್ಯೋ ಪಾಪ, ಗಂಡಿನ್ ಕಡೆಯೋರು ಒಪ್ಲಿಲ್ಲ ಅಂತ ಕಾಣ್ತದೆ" ಎಂದಳು.

"ಹೊಳೆನೇ ಬಂದಿಲ್ಲ ಕಣೇ, ತಪ್ಪಲೆ ಹೆಂಗ್ ಬಂದೀತು?" ಎಂದೆ.

ಮರಿದೇವಪ್ಪನವರು ತಲೆ ಅಲ್ಲಾಡಿಸಿದರು. "ಹಂಗಲ್ಲ ಹೊಂಬಾಳಮ್ಮ. ಅವ್ರು ಒಪ್ಪದೆ ಇದ್ರೆ ಬರೀ ಹೊಳೆ ಬರ್ತಿತ್ತು. ಹೊಳೆನೇ ಬರ್ಲಿಲ್ಲ ಅಂದ್ರೆ ಈ ಸಂಬಂಧ ಹೊಳೆಗೇ ಇಷ್ಟ ಇಲ್ಲ."

ಎಂಥ ತರ್ಕ ನೋಡಿ! ಆದರೆ ಹುಟ್ಟಿದಾಗಿನಿಂದ ಮದುವೆಯ ಉತ್ತರವನ್ನು ಹೊಳೆಯ ಕೈಯಿಂದಲೇ ಪಡೆದ ಜನಕ್ಕೆ ಬೇರೆ ಏನು ತೋಚೀತು? ಮರುದಿನ ಬೆಳಿಗ್ಗೆ ಎಂದಿನಂತೆ ಕೆಳಕ್ಕೆ ಹರಿದ ಹೊಳೆ ಸಂಜೆ ತಿರುಗಲಿಲ್ಲ, ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಮಾತು ಒಂದು ಮೆಟ್ಟಿಲು ಮೇಲೆ ಹತ್ತಿತು. ಈ ಹುಡುಗಿಯ ತಾಂಬೂಲ ಬಿದ್ದ ಮೇಲೆಯೇ ಅಲ್ಲವೇ ಹೊಳೆ ನಿಂತದ್ದು? ಅವಳ ಕೈಗುಣವೇ ಸರಿಯಿಲ್ಲ. ಅವಳು ನೀರಿಗೆ ಹೋದರೆ ಹೆಂಗಸರು ಅವಳಿಗಿಂತ ಮುಂಚೆ ಕೊಡ ತುಂಬಿಕೊಂಡು ಎದ್ದು ಹೋಗುತ್ತಿದ್ದರು. ಮರಿದೇವಪ್ಪನವರು ಮನೆಗೇ ಬಂದು ಹೇಳಿದರು. "ಹುಣ್ಣಿಮೆ ತನಕ ನೋಡ್ತೀನಿ. ಅಷ್ಟರೊಳಗೆ ಗಂಡಿನ ಕಡೆಯಿಂದ ನೀರಲ್ಲಿ ತಾಂಬೂಲ ಬಂದ್ರೆ ಸರಿ. ಬರದಿದ್ರೆ ಹೊಳೆ ಒಲ್ಲದ ಹುಡುಗಿ ಅಂತ ಸಾರ್ಬೇಕಾಗ್ತದೆ ಕಣಮ್ಮ, ನಂಗೂ ಬೇರೆ ದಾರಿ ಇಲ್ಲ." ಹಾಗೆ ಸಾರಿದರೆ ಆ ಮೇಲೆ ಅವಳ ಹೆಸರಿನಲ್ಲಿ ತಪ್ಪಲೆ ತೇಲಿಬಿಡುವುದಕ್ಕೇ ಆಗುವುದಿಲ್ಲ. ನಾನು ತಲೆಗೆ ಕೈ ಹೊತ್ತು ಕೂತೆ. ವಿಮಲಿ ಮಾತ್ರ ಜರಡಿ ತೊಳೆಯುತ್ತಾ, "ಅಮ್ಮಾ, ಹೊಳೆ ಎಲ್ಲೀಗಂಟ ಬಂದು ನಿಂತೋಗ್ತದೆ ಅಂತ ಯಾರಾದ್ರೂ ಹೋಗಿ ನೋಡಿದಾರಾ?" ಎಂದಳು.

ಯಾರೂ ನೋಡಿರಲಿಲ್ಲ! ಊರಿಗೆಲ್ಲ ಪಾಠ ಹೇಳುವ ನನಗೂ ಗಾಬರಿಯಲ್ಲಿ ಅದು ಹೊಳೆದಿರಲಿಲ್ಲ. ಒಂದು ಚೀಲ ಕಡ್ಲೆಪುರಿ ತೆಗೆದುಕೊಂಡು ಇಬ್ಬರೂ ದಂಡೆ ಹಿಡಿದು ಹೊರಟೆವು. ನೀರಿನ ನಡಿಗೆ ನೋಡಬೇಕಾದರೆ ಕಡ್ಲೆಪುರಿಯಂಥದ್ದು ಇನ್ನೊಂದಿಲ್ಲ, ಬೆಳ್ಳಗೆ ಕಾಣುತ್ತದೆ, ಹಗುರಾಗಿ ತೇಲುತ್ತದೆ, ಕೆಲಸ ಮುಗಿದ ಮೇಲೆ ಮೀನಿಗೂ ಆಯಿತು ನಮಗೂ ಆಯಿತು. ಇಳಿಹೊತ್ತಿಗೆ ಅಲ್ಲಲ್ಲಿ ಒಂದೊಂದು ಹಿಡಿ ಎರಚಿ ನೋಡಿದೆವು. ನಮ್ಮ ಮೆಟ್ಟಿಲ ಹತ್ತಿರ ಪುರಿ ಅಲ್ಲಾಡಲಿಲ್ಲ. ನೇಕಾರರ ತಿರುವಿನಲ್ಲಿ ಸುಮ್ಮನೆ ನಡುಗಿತು. ಕೆಳಪೇಟೆ ದಾಟಿ ಕೆರೆಯ ಬಾಯಿಗೆ ಬಂದಾಗ, ಅಗೋ, ಒಂದು ಮಾರು ದೂರ ಮೇಲಕ್ಕೆ ಬಂತು, ಬಂದು ಸುಸ್ತಾದವರ ಹಾಗೆ ನಿಂತಿತು. ವಿಮಲಿ ನನ್ನ ತೋಳು ಹಿಡಿದುಕೊಂಡಳು. "ಅಮ್ಮಾ, ಹೊಳೆಗೆ ಬರೋಕೆ ಮನಸ್ಸದೆ. ಶಕ್ತಿ ಇಲ್ಲ."

ಹೊಳೆ ಹೋಗಿ ಸೇರುವುದು ಆ ಕೆರೆಯನ್ನು. ಕೆರೆಯ ಹಿಂದೆ ಜೊಂಡು ಬೆಳೆದ ಜೌಗುನೆಲ ಊರಿನಷ್ಟೇ ಅಗಲಕ್ಕೆ ಇತ್ತು. ಇತ್ತು ಅಂತ ಪಾಠದಲ್ಲಿ ಹೇಳುತ್ತಿದ್ದೆ. ಹತ್ತಿರ ಹೋಗಿ ನೋಡಿದರೆ ಜೊಂಡು ಒಂದು ಪಟ್ಟಿಯಷ್ಟು ಉಳಿದಿತ್ತು, ಮಿಕ್ಕಿದ್ದೆಲ್ಲ ಗುಡ್ಡ. ಒಡೆದ ಹೆಂಚು, ಹಳೆ ಹಾಸಿಗೆ, ಅಕ್ಕಿ ಗಿರಣಿಯ ಬೂದಿ, ಕಟ್ಟಡದ ಮಣ್ಣು, ಮುರಿದ ಕುರ್ಚಿ, ಬಾಟಲಿ, ತೂತುಬಿದ್ದ ಬಿಂದಿಗೆ. ಆಗ ಅರ್ಥವಾಯಿತು. ಹೊಳೆಗೆ ಹಾಕಿದ್ದು ವಾಪಸ್ಸು ಬಂದು ಮಾನ ಕಳೆಯುತ್ತದೆ. ಜೌಗಿಗೆ ಹಾಕಿದ್ದು ಬರುವುದಿಲ್ಲ. ಹೊಳೆಗೆ ಬೀಡಿ ತುಂಡನ್ನೂ ಹಾಕದ ಸಂಭಾವಿತರು, ಮೇಲ್ಪೇಟೆಯವರು ಕೆಳಪೇಟೆಯವರು ಎಲ್ಲರೂ, ಗಾಡಿ ಕಟ್ಟಿಕೊಂಡು ಬಂದು ಗುಟ್ಟಾಗಿ ಇಲ್ಲಿ ಸುರಿದು ಹೋಗಿದ್ದರು, ತಾತ ಮುತ್ತಾತನ ಕಾಲದಿಂದ.

ಮಾರನೆಯ ದಿನ ಕಟ್ಟೆಯ ಮೇಲೆ ಪಾಠ ಇಟ್ಟೆ. ಹೊಸಬರಿಗಲ್ಲ, ಊರಿಗೆ. ಒಣಗಿದ ಹೀರೇಕಾಯಿಯ ನಾರನ್ನು, ನಾವು ಮೈಯುಜ್ಜಿಕೊಳ್ಳುತ್ತೇವಲ್ಲ ಅದನ್ನು, ತಟ್ಟೆಯ ನೀರಿನಲ್ಲಿ ಇಟ್ಟೆ. ನೀರನ್ನೆಲ್ಲ ಹೀರಿಕೊಂಡಿತು. ಹಿಂಡಿದೆ, ನೀರು ವಾಪಸ್ಸು ಬಂತು. "ಜೌಗು ಅಂದ್ರೆ ಇದು. ಬೆಳಿಗ್ಗೆ ಹೊಳೆ ತಂದ ನೀರನ್ನ ಹೀರ್ಕೊಂಡು ಇಟ್ಕೊಳ್ತದೆ, ಸಂಜೆ ಕೊಡ್ತದೆ. ಹಿಂಡೋರು ಯಾರು ಅಂತ ನಂಗೊತ್ತಿಲ್ಲ. ಈಗ ಇದನ್ನ ನೋಡಿ" ಎಂದು, ಜೇಡಿಮಣ್ಣು ಮೆತ್ತಿ ಒಣಗಿಸಿದ್ದ ಇನ್ನೊಂದು ನಾರನ್ನು ಇಟ್ಟೆ. ನೀರು ತಟ್ಟೆಯಲ್ಲೇ ನಿಂತಿತ್ತು. "ಹೀರ್ಕೊಂಡ್ರೆ ತಾನೇ ಹಿಂಡೋದು? ಹೊಳೆ ನಿಂತಿರೋದು ನನ್ನ ಮಗಳ ತಾಂಬೂಲದಿಂದ ಅಲ್ಲ, ನಮ್ಮೆಲ್ಲರ ಕಸದಿಂದ. ಹುಣ್ಣಿಮೆಯೊಳಗೆ ಆ ಗುಡ್ಡ ತೆಗೀಬೇಕು. ಯಾರ್ಯಾರು ಬರ್ತೀರಿ?"

ಪುಟ್ಟಮಾದಮ್ಮನೇ ಮೊದಲು ಬಾಯಿ ಬಿಟ್ಟಳು. "ನಿಜ ಹೇಳ್ತೀನಿ ಹೊಂಬಾಳಮ್ಮ, ಕೋಪ ಮಾಡ್ಕಬೇಡ. ಹೊಳೆ ವಾಪಸ್ ಬರದಿದ್ರೆ ನಮ್ಗೆ ಒಂಥರಾ ಹಾಯಾಗದೆ. ಮುಸುರೆ ಚೆಲ್ಲಿದ್ರೆ ಹೋಯ್ತು ಅಂದ್ರೆ ಹೋಯ್ತು. ಪೀಡೆ ಕಳೀತು."

ಕೆಲವರು ನಕ್ಕರು. ನನಗೆ ಮೈ ಉರಿಯಿತು. "ಕೆಳಪೇಟೆಯವರು ಅದನ್ನೇ ಕುಡೀಬೇಕಲ್ಲೇ!" ಎಂದು ಕಿರುಚಿದೆ. ಅವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದರು. ತಿರುಗದ ಹೊಳೆಯ ಮೇಲ್ಗಡೆ ಬದುಕುವ ರುಚಿ ಜನಕ್ಕೆ ಎಷ್ಟು ಬೇಗ ಹತ್ತುತ್ತದೆ! ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲಿಂದ ಬೂದಿ, ಸಿಪ್ಪೆ, ಕೋಳಿಪುಕ್ಕ ಎಲ್ಲ ಹೊಳೆಗೆ ಬೀಳತೊಡಗಿದವು.

ಅವರನ್ನು ಬೈಯುತ್ತಾ ಕೂತರೆ ಹುಣ್ಣಿಮೆ ಕಾಯುತ್ತದೆಯೇ? ವಿಮಲಿ ಗುದ್ದಲಿ, ಬಾಂಡ್ಲಿ ತೆಗೆದುಕೊಂಡು ಒಬ್ಬಳೇ ಹೊರಟಳು, ನಾನು ಹಿಂದೆ ಹೋದೆ. ಕೆರೆಯ ಬಾಯಿಯಿಂದ ಜೊಂಡಿನ ತನಕ ಒಂದು ಕಾಲುವೆ ಬಿಡಿಸಿಕೊಂಡರೆ ಉಳಿದಿರುವ ಜೌಗಾದರೂ ಉಸಿರಾಡೀತು ಅಂತ ಅವಳ ಅಂದಾಜು. ಗುಡ್ಡದ ಆಚೆ ಬದಿಯಿಂದಲೂ ಅಗೆಯುವ ಸದ್ದು ಕೇಳಿಸಿತು. ಹತ್ತಿ ನೋಡಿದರೆ ತಿರುಮಲೇಶ! ಅವರಪ್ಪನೂ ಜೊತೆಗಿದ್ದರು. ಅವರೂ ನೀರಿನ ಜಾಡು ಹಿಡಿದು ಅಲ್ಲಿಗೇ ಬಂದಿದ್ದರು ಅಂತ ಕಾಣುತ್ತದೆ. ಕೇಳುವ ಹಾಗಿಲ್ಲವಲ್ಲ! ಅವನು ವಿಮಲಿಯನ್ನು ನೋಡಿದ, ಇವಳು ಅವನನ್ನು ನೋಡಿದಳು. ಬಾಯಿ ಬಿಟ್ಟರೆ ಕಟ್ಟಳೆ ಮುರಿಯಿತು, ಸಂಬಂಧವೂ ಮುರಿಯಿತು. ಇಬ್ಬರೂ ತಲೆ ತಗ್ಗಿಸಿ ಆ ಕಡೆಯಿಂದ ಅವನು, ಈ ಕಡೆಯಿಂದ ಇವಳು ಅಗೆಯುವುದಕ್ಕೆ ಶುರು ಮಾಡಿದರು.

ಹುಡುಗ ಜಾಣ. ಎರಡು ದಿನ ತಡೆದುಕೊಂಡ. ಮೂರನೆಯ ದಿನ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ನೋಡಿ ಗಟ್ಟಿಯಾಗಿ, "ಎಮ್ಮೇ, ಆ ಹೆಂಚಿನ ರಾಶಿ ಕೆಳಗೆ ಗಾಜದೆ, ಕಾಲು ಜೋಪಾನ" ಎಂದ. ವಿಮಲಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಎಮ್ಮೆಗೆ ಹೇಳಿದಳು. "ಎಮ್ಮೇ, ಗುದ್ದಲೀನ ಹಂಗೆ ಹಿಡ್ಕೊಂಡ್ರೆ ನಾಳೆ ಸೊಂಟ ಹಿಡ್ಕೋತದೆ." ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಅವರಪ್ಪ ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡರು, ನಾನು ಈ ಕಡೆ. ಎಮ್ಮೆಯ ಹತ್ತಿರ ಮಾತಾಡಬಾರದೆಂದು ನಮ್ಮೂರಲ್ಲಿ ಕಟ್ಟಳೆ ಇಲ್ಲ.

ಆದರೆ ನಾಲ್ಕು ಜನರ ಕೈಯಲ್ಲಿ ತಲೆಮಾರುಗಳ ಗುಡ್ಡ ಕರಗುತ್ತದೆಯೇ? ಚಂದ್ರ ದಿನದಿನಕ್ಕೂ ತುಂಬುತ್ತಿದ್ದ.

ಅಷ್ಟರಲ್ಲಿ ಮೇಲ್ಪೇಟೆಯಲ್ಲಿ ಬಾವಿಗಳ ನೀರು ಇಳಿಯಿತು. ಕೊಡ ಇಳಿಬಿಟ್ಟರೆ ಹಗ್ಗ ಸಾಲದು. ಸಂಜೆ ಬರುತ್ತಿದ್ದ ಹೊಳೆಯೇ ರಾತ್ರಿಯೆಲ್ಲ ನೆಲದೊಳಗೆ ಇಳಿದು ಆ ಬಾವಿಗಳನ್ನು ತುಂಬುತ್ತಿತ್ತು ಅಂತ ಎಷ್ಟು ಸಲ ಹೇಳಿದ್ದೇನೋ, ಕೇಳಿದವರು ಯಾರು! ಮೇಲಕ್ಕೆ ಬರುತ್ತಿದ್ದ ಮೀನು ಬರಲಿಲ್ಲ, ನೀರು ನಿಂತ ಗುಂಡಿಗಳಲ್ಲಿ ಸೊಳ್ಳೆ ಎದ್ದವು. ಪುಟ್ಟಮಾದಮ್ಮ ಮುಖವೆಲ್ಲ ದದ್ದು ಮಾಡಿಕೊಂಡು ಬಾಗಿಲಿಗೆ ಬಂದಳು. "ಹೊಂಬಾಳಮ್ಮ, ಆ ನಾರಿನ ವಿಷ್ಯ ಇನ್ನೊಂದ್ಸಲ ಹೇಳು" ಎಂದಳು.

"ಇಲ್ಲಿ ಹೇಳಲ್ಲ. ಕೆರೆ ಹತ್ರ ಬಾ, ಅಲ್ಲೇ ತೋರಿಸ್ತೀನಿ. ಯಾರ್ಯಾರ ಮನೆಯದು ಏನೇನು ಸಿಕ್ಕಿದೆ ಅಂತಾನೂ ನೋಡುವಂತೆ" ಎಂದೆ.

ಅವಳ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. ಊರನ್ನು ಕೆರೆಗೆ ಕರೆತಂದದ್ದು ನನ್ನ ವಿಜ್ಞಾನ ಅಂತ ನಾನು ಜಂಬ ಕೊಚ್ಚಿಕೊಳ್ಳುವುದಿಲ್ಲ, ಪಕ್ಕದ ಮನೆಯವರ ಗುಟ್ಟು ನೋಡುವ ಚಪಲ ಕರೆತಂದಿತು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲೆ ಜಾತ್ರೆಯಷ್ಟು ಜನ. "ಇದು ಗಿರಣಿಯೋರ ಬೂದಿ!" "ಈ ಹಾಸಿಗೆ ಪುಟ್ಟಮಾದಮ್ಮಂದಲ್ವಾ, ಇದೇ ಹೂವಿನ ಬಟ್ಟೆ ಅವಳ ದಿಂಬಿಗೂ ಅದೆ!" ಪುಟ್ಟಮಾದಮ್ಮ ಹಾಸಿಗೆಯನ್ನು ಎಳೆದುಕೊಂಡು ಗಾಡಿಗೆ ಹಾಕಿದಳು, ಆ ಸಿಟ್ಟಿಗೆ ಗಿರಣಿಯವರ ಬೂದಿಯನ್ನು ಅವರ ಕೈಲೇ ಹೊರಿಸಿದಳು. ತಮ್ಮದು ಸಿಕ್ಕೀತು ಎಂಬ ಭಯಕ್ಕೆ ಕೆಲವರು ಬೆಳಕು ಹರಿಯುವ ಮುಂಚೆಯೇ ಬಂದು ಅಗೆದರು. ಹಾಗೆ ಹೊರತೆಗೆದದ್ದನ್ನು ಮತ್ತೆಲ್ಲಿ ಹಾಕುವುದು ಎಂದು ಶುರುವಾದ ಜಗಳ ಪುರಸಭೆಯಲ್ಲಿ ಇವತ್ತಿಗೂ ನಡೆಯುತ್ತಿದೆ. ಕಾಲುವೆ ಮಾತ್ರ ದಿನಾ ಒಂದಿಷ್ಟು ಮುಂದಕ್ಕೆ ಹೋಯಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಕಾಲುವೆ ಜೊಂಡಿಗೆ ಮುಟ್ಟಿತು. ಕೊನೆಯ ಮಣ್ಣಿನ ಒಡ್ಡನ್ನು ಒಡೆದಾಗ ಹೊಳೆಯ ನೀರು ಗಳಗಳ ಎಂದು ಜೊಂಡಿನೊಳಕ್ಕೆ ನುಗ್ಗಿತು, ನುಗ್ಗುತ್ತಲೇ ಇತ್ತು, ಎಷ್ಟು ದಿನದ ಬಾಯಾರಿಕೆಯೋ. ಇಳಿಹೊತ್ತಾಯಿತು. ಮರಿದೇವಪ್ಪನವರು ಪೇಟ ಸುತ್ತಿಕೊಂಡು ಬಂದು ದಂಡೆಯಲ್ಲಿ ಕೂತರು. ಕಾಲುವೆಯ ಕೆಳತುದಿಯಲ್ಲಿ ತಿರುಮಲೇಶ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ, ಮೇಲ್ತುದಿಯಲ್ಲಿ, ಹೊಳೆಯ ಕಡೆಗೆ, ವಿಮಲಿ. ನನ್ನ ಕೈಯಲ್ಲಿ ಒಂದು ಹಿಡಿ ಕಡ್ಲೆಪುರಿ ಇತ್ತು. ಎರಚಿದೆ. ಪುರಿ ಕೆಳಕ್ಕೆ ಹೋಯಿತು, ನಿಂತಿತು, ಅನುಮಾನಿಸಿತು.

ಆಮೇಲೆ ತಿರುಗಿತು.

ಯಾರೋ "ಬಂತು!" ಅಂದರು. ನೀರು ರಭಸವಾಗಿ ಏನೂ ಬರಲಿಲ್ಲ, ಕಾಯಿಲೆಯಿಂದ ಎದ್ದವರು ಗೋಡೆ ಹಿಡಿದು ನಡೆಯುವ ಹಾಗೆ ಬಂತು. ಈ ನೀರು ಮೇಲ್ಪೇಟೆ ಮುಟ್ಟುವುದಿಲ್ಲ, ಈ ದಿನವಂತೂ ಮುಟ್ಟುವುದಿಲ್ಲ ಎಂದು ನನಗೆ ನೋಡುತ್ತಲೇ ಗೊತ್ತಾಯಿತು. ಹುಣ್ಣಿಮೆ ಇವತ್ತೇ. ನಮ್ಮ ತಪ್ಪಲೆಯೂ ಕೆಳಪೇಟೆಯಲ್ಲಿ ಅವರ ಮನೆಯಲ್ಲೇ ಇತ್ತು.

ಆಗ ತಿರುಮಲೇಶ ತನ್ನ ಬಾಂಡ್ಲಿಯ ಮಣ್ಣನ್ನು ಸುರಿದು, ಅದನ್ನು ಮೂರು ಸಲ ತೊಳೆದು, ಅಪ್ಪನ ಮುಂದೆ ಹಿಡಿದ. ಅವರಪ್ಪ ಒಂದು ಗಳಿಗೆ ಮಗನ ಮುಖ ನೋಡಿದರು. ಸೊಂಟದ ಸಂಚಿ ಬಿಚ್ಚಿ ಎರಡು ಎಲೆ, ಒಂದು ಅಡಿಕೆ ತೆಗೆದು ಬಾಂಡ್ಲಿಯೊಳಗೆ ಇಟ್ಟರು. ಅವನು ಬಗ್ಗಿ ಅದನ್ನು ನೀರಿಗೆ ಬಿಟ್ಟ. ತುಕ್ಕು ಹಿಡಿದ ಬಾಂಡ್ಲಿ ಅಲ್ಲಾಡುತ್ತಾ, ಬುಗುರಿಯ ಹಾಗೆ ತಿರುಗುತ್ತಾ ಹೊರಟಿತು. ಕಾಲುವೆಯ ನಡುವೆ ನಿಂತೇಬಿಟ್ಟಿತು. ಮುಟ್ಟಿ ನೂಕುವ ಹಾಗಿಲ್ಲ, ಊದುವ ಹಾಗಿಲ್ಲ, ನೀರೇ ತರಬೇಕು. ಪುಟ್ಟಮಾದಮ್ಮ ಕಣ್ಣು ಮುಚ್ಚಿಕೊಂಡು, "ಬಾ ತಾಯಿ, ಬಾ ನಮ್ಮವ್ವ, ಬುದ್ಧಿ ಬಂತು, ಬಾ" ಎಂದು ಹೊಳೆಯನ್ನು ಬೇಡಿಕೊಳ್ಳುತ್ತಿದ್ದಳು. ಜೊಂಡಿನ ಒಳಗಿನಿಂದ ಇನ್ನೊಂದಿಷ್ಟು ನೀರು ಜಿನುಗಿ ಬಂತು. ಬಾಂಡ್ಲಿ ಅಲ್ಲಾಡಿತು. ನಿಧಾನಕ್ಕೆ ಬಂದು ವಿಮಲಿಯ ಮೊಣಕಾಲಿಗೆ ತಾಗಿತು.

ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಮರಿದೇವಪ್ಪನವರು ಗಂಟಲು ಸರಿಮಾಡಿಕೊಂಡರು. "ತಾಂಬೂಲ ಮೇಲ್ಪೇಟೆ ಮೆಟ್ಟಿಲಿಗೆ ಬರ್ಬೇಕಲ್ಲಮ್ಮ" ಎಂದರು.

"ಗಂಡಿನ್ ಕಡೆಯಿಂದ ಹೆಣ್ಣಿನ್ ಕಡೆಗೆ ನೀರಲ್ಲಿ ಬರ್ಬೇಕು ಅಂತ ತಾನೇ ನೀವು ನಮ್ಮನೆಗೆ ಬಂದು ಹೇಳಿದ್ದು?" ಎಂದೆ. "ಗಂಡು ಅಲ್ಲಿ ನಿಂತವ್ನೆ. ಹೆಣ್ಣು ಇಲ್ಲಿ ನಿಂತವ್ಳೆ. ನಡುವೆ ಹೊಳೆ ಹರೀತಾ ಅದೆ. ಎಷ್ಟು ದೂರ ಅಂತ ಕಟ್ಟಳೇಲಿ ಎಲ್ಲಿದೆ ಯಜಮಾನ್ರೇ?"

ಅವರು ನೀರನ್ನು ನೋಡಿದರು. ಕಾಲುವೆಯ ಪುರಿ ಇನ್ನೂ ಒಂದೊಂದಾಗಿ ಮೇಲಕ್ಕೆ ಹೋಗುತ್ತಿತ್ತು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಬಂತು" ಅಂದರು. "ಹೊಳೆನೂ ಬಂತು, ತಾಂಬೂಲನೂ ಬಂತು."

ಜನ ಕೂಗಿದ ಕೂಗಿಗೆ ಜೊಂಡಿನ ಹಕ್ಕಿಗಳೆಲ್ಲ ಎದ್ದವು. ಆ ಗದ್ದಲದಲ್ಲಿ ವಿಮಲಿ ತಿರುಮಲೇಶನಿಗೆ ಎಮ್ಮೆಯ ಹಂಗಿಲ್ಲದೆ ಮೊದಲ ಮಾತು ಆಡಿದಳು. "ಇನ್ನೊಂಚೂರು ಜೋರಾಗಿ ಬಿಡೋದಲ್ವಾ? ಜೀವ ಬಾಯಿಗೆ ಬಂದಿತ್ತು" ಎಂದು ಬೈದಳು. ಅವನು ಕೆಸರು ಮುಖದಲ್ಲಿ ಹಲ್ಲು ಬಿಟ್ಟು ನಗುತ್ತಾ ನಿಂತ. ನಾನು ಇದ್ದಲ್ಲೇ ಕಾಲುವೆಯ ಬಾಯಲ್ಲಿ ಕೂತುಬಿಟ್ಟೆ, ಸೀರೆಯೆಲ್ಲ ಕೆಸರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತೆ. ಹುಣ್ಣಿಮೆ ಹುಣ್ಣಿಮೆ ಎಂದು ಅಷ್ಟು ದಿನ ಅದುಮಿಟ್ಟುಕೊಂಡಿದ್ದ ಅಳುವೆಲ್ಲ ಒಂದೇ ಸಲ ಬಂತು.

ವಿಮಲಿ ಬಾಂಡ್ಲಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದು ನನ್ನ ರಟ್ಟೆ ಹಿಡಿದಳು.

"ಅಮ್ಮಾ, ಅತ್ತಿದ್ದು ಸಾಕು, ಏಳು" ಎಂದಳು. "ನೀರಿಗೆ ಅಡ್ಡ ಕೂತಿದ್ದೀಯ."